ಅಡ್ಡಹೋದ ಮೂರನೆಯ ಗುಂಡು

ಮೂರನೆಯ ಗುಂಡೂ ಅಡ್ಡ ಹೋಯಿತು.

ಹಾರ್ಲನ್ ಟ್ವೈಟ್ ದುರ್ಬೀನಿನಿಂದ ಕಣ್ಣು ತೆಗೆದ. ನೂರು ಗಜದಾಚೆಯ ಹಾಳೆಯಲ್ಲಿ ಮೊದಲ ತೂತು ನಟ್ಟನಡುವೆ. ಎರಡನೆಯದು ನಾಲ್ಕು ಬೆರಳು ಬಲಕ್ಕೆ. ಮೂರನೆಯದು ಒಂದು ಗೇಣು ಆಚೆ. ಇದೇನು ಮಾಯೆ? ಎರಡು ವಾರದ ಹಿಂದೆ ಇದೇ ರೈಫಲ್ಲು ಐದು ಗುಂಡುಗಳನ್ನು ಒಂದು ನಾಣ್ಯದಡಿ ಮುಚ್ಚುವಷ್ಟು ಹತ್ತಿರ ಕೂರಿಸಿತ್ತು!

ಮೊಂಟಾನಾದ ಕಾಡುಟಗರು ಬೇಟೆಯ ಪರವಾನಗಿ ಲಾಟರಿಯಲ್ಲಿ ಅವನಿಗೆ ಸಿಕ್ಕಿದ್ದು ಇಪ್ಪತ್ತೆರಡು ವರ್ಷ ಕಾದ ಮೇಲೆ. ಅರವತ್ತೊಂದರ ದೇಹ ಬಂಡೆ ಹತ್ತಬೇಕಲ್ಲ! ಅದಕ್ಕೆಂದೇ ಹಗುರ ರೈಫಲ್ಲಿನ ಮರದ ಸ್ಟಾಕ್, ಅಂದರೆ ನಳಿಗೆ ಕೂರುವ ಹಿಡಿ, ಕಳಚಿ, ಇನ್ನೂ ಹಗುರವಾದ ಕಾರ್ಬನ್ ಸ್ಟಾಕ್ ತರಿಸಿ ತಾನೇ ಕೂರಿಸಿದ್ದ. ಸುಲಭವೇನೂ ಆಗಿರಲಿಲ್ಲ. ನಳಿಗೆ ಕೂರುವ ಕಾಲುವೆ ಬಿಗಿ—ಉಜ್ಜಿದ. ಗುಂಡಿನ ಪೆಟ್ಟಿಗೆ ಎತ್ತರ—ಅರ ಹಾಕಿದ. ಮುಂದಿನ ಸ್ಕ್ರೂ ಗುಂಡು ಒಳತಳ್ಳುವ ಬೋಲ್ಟಿಗೆ ತಾಗಿತು—ಮೊಟಕು ಮಾಡಿದ. ಆಮೇಲೆ ಎಲ್ಲ ಸರಿಹೋಗಿತ್ತು. ಈಗ?

ಬೇಟೆ ಶುರುವಾಗಲು ಆರೇ ದಿನ.

ಒಂದು ಕಾಲಕ್ಕೆ ಊರಿನ ಬಂದೂಕುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಇಡೆಲ್ಲಾ ಕ್ರೋಗ್‌ಳನ್ನು ಮನೆಗೆ ಕರೆತಂದ. ಎಪ್ಪತ್ತನಾಲ್ಕರ ಮುದುಕಿ ಅಡುಗೆಮನೆಯ ಮೇಜಿನ ಮುಂದೆ ಕೂತಳು. ಹಾರ್ಲನ್‌ನ ಹೆಂಡತಿ ಮಾರ್ಲಿಸ್ ಕಾಫಿ ತಂದಿಟ್ಟಳು.

"ಸ್ಕ್ರೂ ಸಡಿಲ ಆಗಿತ್ತಾ?"

"ಇಲ್ಲ. ಎರಡೂ ಬಿಗಿಯಾಗೇ ಇವೆ."

"ನಳಿಗೆ ಎಲ್ಲಾದ್ರೂ ತಾಗುತ್ತಾ?"

"ನಡುವೆ ಕಾಗದ ತೂರಿಸಿ ನೋಡ್ದೆ. ತಾಗಲ್ಲ. ನಂಗೆ ತಲೆನೇ ಓಡ್ತಿಲ್ಲ, ಇಡೆಲ್ಲಮ್ಮ. ದಿನಾ ಬೆಳಿಗ್ಗೆ ಮೊದಲ ಗುಂಡು ಸರಿಯಾಗಿ ಹೋಗುತ್ತೆ, ಆಮೇಲೆ ಹುಚ್ಚು ಹಿಡಿಯುತ್ತೆ."

"ಬೇರೆ ಯಾರು ಮುಟ್ಟಿದ್ರು?"

ಹಾರ್ಲನ್ ತಡವರಿಸಿದ. "ಡ್ವೇನ್ ಬಂದಿದ್ದ."

ಡ್ವೇನ್ ಮಾರ್ಲಿಸ್‌ಳ ತಮ್ಮ. ಕುದುರೆ ಜೀನು ಹೊಲಿಯುವವನು. ಅದೇ ಲಾಟರಿಗೆ ಅಷ್ಟೇ ವರ್ಷ ಅರ್ಜಿ ಹಾಕಿ ಬರಿಗೈಲಿ ಉಳಿದವನು. ಫೋನ್ ಮಾಡಿದ ಹತ್ತು ನಿಮಿಷಕ್ಕೇ ಬಂದ.

"ಭಾವ, ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನಲ್ಲ. ಆದ್ರೆ ನಿನ್ನ ಬಂದೂಕು ಕೆಡಿಸೋಕೆ ನಾನೇನು ಅಷ್ಟು ನೀಚನಾ?"

ಇಡೆಲ್ಲಾ ಸ್ಕ್ರೂ ಬಿಚ್ಚಿ, ನಳಿಗೆಯನ್ನು ಸ್ಟಾಕಿನಿಂದ ಎತ್ತಿದಳು. ಗುಂಡಿನ ಒದೆತ ತಡೆಯುವ ಲೋಹದ ಹಲ್ಲು ಕೂರುವ ಗೂಡಿನಲ್ಲಿ, ಅದರ ಹಿಂದಿನ ಪೀಠದ ಮೇಲೆ—ಹಳದಿ ಪದರ. ಉಗುರಿನಿಂದ ಕೆರೆದಳು. ಮೇಣ!

"ನೋಡಿದ್ರಾ!" ಹಾರ್ಲನ್ ಎದ್ದುನಿಂತ. "ದಾರಕ್ಕೆ ಮೇಣ ಹಚ್ಚೋನು ಇವನೇ!"

"ಕೂತ್ಕೋ. ಡ್ವೇನ್, ನಿನ್ನ ಮೇಣ ತೋರ್ಸು."

ಡ್ವೇನ್ ಜೇಬಿನಿಂದ ತೆಗೆದ ಉಂಡೆ ಡಾಂಬರಿನಂತೆ ಕಪ್ಪಗಿತ್ತು. ಪೈನ್ ಮರದ ಅಂಟಿನ ವಾಸನೆ. ಸ್ಟಾಕಿನಲ್ಲಿದ್ದದ್ದು ಅಪ್ಪಟ ಜೇನುಮೇಣ.

"ಸುಳಿವು ನೀನೇ ಬಾಯಿಬಿಟ್ಟು ಹೇಳ್ದೆ, ನೀನೇ ಗಮನಿಸ್ಲಿಲ್ಲ," ಎಂದಳು ಇಡೆಲ್ಲಾ ಹಾರ್ಲನ್‌ಗೆ. "ಬೆಳಗಿನ ಚಳಿಗೆ ಮೇಣ ಕಲ್ಲು. ಮೊದಲ ಗುಂಡು ನೇರ. ಹಗುರ ರೈಫಲ್ಲಿನ ತೆಳು ನಳಿಗೆ ಬೇಗ ಕಾಯುತ್ತೆ—ಮೇಣ ಮೆತ್ತಗಾಗಿ ಎಲ್ಲ ಜಾರುತ್ತೆ. ನಳಿಗೆದೇ ದೋಷ ಆಗಿದ್ರೆ ಅವತ್ತು ಐದು ಗುಂಡು ಒಂದೇ ಕಡೆ ಕೂರ್ತಿರ್ಲಿಲ್ಲ. ಆ ಹಲ್ಲಿನ ಹಿಂದೆ ಮೆತ್ತಗಿನದೇನೂ ಇರಬಾರ್ದು ಅಂತ ಯಾರಿಗೆ ಹೇಳಿದ್ದೆ?"

"ಯಾರಿಗೂ... ಊಟಕ್ಕೆ ಕೂತಾಗ, ಮನೇಲಿ..."

"ಈ ಮನೇಲಿ ಕೌದಿ ಹೊಲಿಯೋ ದಾರಕ್ಕೆ ಜೇನುಮೇಣ ಸವರೋದು ಯಾರು?"

ಮಾರ್ಲಿಸ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ನಾನೇ. ಅಲ್ಲಿ ಮೇಣ ಹಚ್ಚಿದ್ದೂ ನಾನೇ. ಆಗಸ್ಟಲ್ಲಿ ಗುಡ್ಡ ಹತ್ತೋವಾಗ ಎದೆ ಹಿಡ್ಕೊಂಡು ಕೂತ್ಯಂತೆ. ನೀನು ಹೇಳ್ಲಿಲ್ಲ, ಒಗೆಯೋಕೆ ಹಾಕಿದ್ದ ಅಂಗಿ ಜೇಬಲ್ಲಿ ಆಸ್ಪತ್ರೆ ಚೀಟಿ ಸಿಕ್ತು. ಅದ್ರಲ್ಲಿ ಇದೆಲ್ಲ ಬರೆದು, ಹೃದಯದ ಪರೀಕ್ಷೆ ಮಾಡಿಸು ಅಂದಿದ್ರು. ಹೋದ್ಯಾ? ಇಲ್ಲ! ಬೇಡ ಅಂದ್ರೆ ನೀನು ಕೇಳೋನಲ್ಲ. ಆದ್ರೆ ನಂಬಿಕೆ ಇಲ್ಲದ ಬಂದೂಕು ಹಿಡ್ಕೊಂಡು ಪ್ರಾಣೀನ ಗಾಯ ಮಾಡೋಕೆ ಹೋಗೋನೂ ಅಲ್ಲ. ಅಷ್ಟು ಗೊತ್ತಿತ್ತು ನಂಗೆ."

ಹಾರ್ಲನ್‌ಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ವಾರ ಮುಚ್ಚಿಟ್ಟ ಗುಟ್ಟು ಇವಳ ಎದೆಯಲ್ಲೂ ಅಷ್ಟೇ ದಿನ ಕೂತಿತ್ತೆಂಬುದು ಈಗ ಹೊಳೆಯಿತು.

"ತಪ್ಪಾಯ್ತು ಡ್ವೇನ್," ಎಂದ ತಲೆ ತಗ್ಗಿಸಿ.

"ನಂಗಲ್ಲ ಭಾವ, ಅಕ್ಕನಿಗೆ ಹೇಳು."

ಇಡೆಲ್ಲಾ ಮೇಣದ ಚೂರುಗಳನ್ನು ಒರೆಸಿದಳು. "ಮತ್ತೆ ಜೋಡಿಸ್ಲಾ?"

"ಈಗ್ಲೇ ಬೇಡ. ಬೇಟೆ ನವೆಂಬರ್ ಕೊನೆವರೆಗೂ ಇದೆ." ಹಾರ್ಲನ್ ಮಾರ್ಲಿಸ್‌ಳತ್ತ ತಿರುಗಿದ. "ಆ ಆಸ್ಪತ್ರೆ ಚೀಟಿ ಎಲ್ಲಿಟ್ಟಿದ್ದೀಯ? ಅದರಲ್ಲಿ ಫೋನ್ ನಂಬರ್ ಇತ್ತಲ್ಲ—ಓದಿ ಹೇಳು."