ಅಲಗಿನ ಮೇಲೆ ಚಿಗುಸಾ

ಶೂಜಿ ಮೊದಲ ಸಲ ಬಂದಾಗ ಚಿಗುಸಾ ಅವನನ್ನು ಬೈದಳು.

ತಪ್ಪು ಅವನದೇ. ಕುಲುಮೆಯ ಬಾಗಿಲಲ್ಲಿ ನಿಂತು, ಮೂಲೆಯಲ್ಲಿ ಕೂತಿದ್ದ ಮುದುಕನ ಕಡೆ ನೋಡಿ, “ಯಜಮಾನ್ರೇ, ಮೀನು ಕತ್ತಿ ಮಾಡಿಕೊಡ್ತೀರಾ?” ಎಂದಿದ್ದ. ಮುದುಕ ಇಸಾಮು ಸುತ್ತಿಗೆ ಕೆಳಗಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಅವನ ಕೆಲಸವೆಂದರೆ ಮಗಳ ಕೆಲಸದಲ್ಲಿ ಹುಳುಕು ಹುಡುಕುವುದು.

“ಯಜಮಾನಿ ಇಲ್ಲಿದ್ದಾಳೆ,” ಎಂದಳು ಚಿಗುಸಾ, ಬೆಂಕಿಯಿಂದ ಕಣ್ಣು ತೆಗೆಯದೆ. “ಬಾಗಿಲಲ್ಲಿ ಹಾಗೆ ಕುಣೀಬೇಡಿ. ನೆರಳು ಬಿದ್ದರೆ ಉಕ್ಕಿನ ಬಣ್ಣ ಮೋಸ ಮಾಡುತ್ತೆ.”

ಶೂಜಿ ಪಕ್ಕಕ್ಕೆ ಸರಿದ. ಸರಿದು ನಕ್ಕ. ಬೈಸಿಕೊಂಡು ನಗುವ ಗಿರಾಕಿಗಳು ಕಡಿಮೆ, ಹಾಗಾಗಿ ಅವಳೂ ತಿರುಗಿ ನೋಡಿದಳು.

ತೋಸಾ ಸೀಮೆಯ ಈ ನದಿದಂಡೆಯ ಕುಲುಮೆಗಳ ಬಗ್ಗೆ ಟೋಕಿಯೋದ ಬಾಣಸಿಗರು ಒಳ್ಳೆಯ ಮಾತನ್ನೇ ಆಡುತ್ತಾರೆ: “ಕೊಟ್ಟ ದುಡ್ಡಿಗೆ ಮೋಸವಿಲ್ಲ.” ಇದು ಹೊಗಳಿಕೆಯೋ ಚೌಕಾಸಿಯ ಪೀಠಿಕೆಯೋ ಹೇಳುವುದು ಕಷ್ಟ. ಹಳೇ ಪೇಪರಿನ ಮೇಲೆ ಗೀಚಿಕೊಟ್ಟ ಆಕಾರವನ್ನು ಇಲ್ಲಿನವರು ಹಾಗೆಯೇ ಬಡಿದು ಕೊಡುತ್ತಾರೆ. ಎಡಗೈಯವರಿಗೆ ಬೇರೆ ಕಡೆ ದುಬಾರಿಯಾಗುವ ಕತ್ತಿ ಇಲ್ಲಿ ಎಲ್ಲರಿಗೂ ಒಂದೇ ಬೆಲೆ. ಅಲಗಿನ ಮೇಲೆ ಕೊಂಡವರ ಹೆಸರು ಕೆತ್ತುತ್ತಾರೆ, ಇಲ್ಲವೇ ಮಾರುವ ಅಂಗಡಿಯ ಹೆಸರು. ಮಾಡಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಚಿಗುಸಾಳ ಕತ್ತಿಗಳು ದೊಡ್ಡ ದೊಡ್ಡ ಅಂಗಡಿಗಳ ಹೆಸರು ಹೊತ್ತು ದೇಶವೆಲ್ಲ ತಿರುಗುತ್ತಿದ್ದವು. ಅವಳು ಮಾತ್ರ ಇಲ್ಲೇ ಇದ್ದಳು.

“ಎಡಗೈಯವರಿಗೆ ಬೇಕು,” ಎಂದ ಶೂಜಿ. ಬಂದರಿನ ಹತ್ತಿರದ ಹೋಟೆಲೊಂದರಲ್ಲಿ ಅವನು ಮೀನಿನ ಅಡುಗೆಯವನು.

“ನೀವು ಎಡಚರಾ?”

“ಅಲ್ಲ. ನೀವು?”

ಚಿಗುಸಾ ಎಡಗೈಯಲ್ಲಿದ್ದ ಸುತ್ತಿಗೆಯನ್ನು ಎತ್ತಿ ತೋರಿಸಿದಳು.

“ಹಾಗಾದ್ರೆ ಹಿಡಿ ನಿಮ್ಮ ಕೈ ಅಳತೆಗೇ ಇರಲಿ.”

“ಕತ್ತಿ ಯಾರಿಗೆ?”

“ನನ್ನ ಅಡುಗೆಮನೆಗೆ ಬರೋರಿಗೆ.”

“ಹೆಸರು ಏನಂತ ಕೆತ್ತಲಿ?”

“ಅದಕ್ಕೇನವಸರ?” ಎಂದು, ಅಳತೆ ನೋಡುವವನಂತೆ ತನ್ನ ಅಂಗೈಯನ್ನು ಅವಳ ಅಂಗೈಗೆ ತಾಗಿಸಿದ. ಅವಳ ಕೈಮಸಿ ಅವನಿಗೆ ಹತ್ತಿತು. ಬಸ್ಸು ಹತ್ತುವಾಗಲೂ ಅವನು ಅದನ್ನು ಒರೆಸಿಕೊಂಡಿರಲಿಲ್ಲ. ಬಸ್ ಸ್ಟಾಪು ಕುಲುಮೆಯಿಂದ ಸಾಕಷ್ಟು ದೂರವಿದೆ. ಚಿಗುಸಾ ಅಲ್ಲಿಯವರೆಗೂ ಕಣ್ಣು ಕೀಲಿಸಿ ನೋಡಿದ್ದಳು ಎಂದಾಯಿತು.

ಅವಳ ಕೈಗೆ ಒಂದು ಕತ್ತಿ ಅಷ್ಟು ದೊಡ್ಡ ಕೆಲಸವಲ್ಲ. ಈ ಕತ್ತಿ ಮಾತ್ರ ಬೇಸಿಗೆ ಕಳೆದರೂ ಮುಗಿಯಲಿಲ್ಲ. ಬಡಿದದ್ದನ್ನು ಮತ್ತೆ ಬಡಿದಳು, ಸಾಣೆ ಹಿಡಿದದ್ದನ್ನು ಮತ್ತೆ ಹಿಡಿದಳು. ಶೂಜಿಗೂ ಅವಸರವಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ಹುಲ್ಲಿನ ಬೆಂಕಿಯಲ್ಲಿ ಸುಟ್ಟ ಬೊನಿಟೊ ಮೀನು ಕಟ್ಟಿಸಿಕೊಂಡು ಬರುತ್ತಿದ್ದ. ಇಬ್ಬರೂ ಹೊಳೆದಂಡೆಯಲ್ಲಿ ಕೂತು ತಿನ್ನುತ್ತಿದ್ದರು.

“ಏನ್ರೀ, ಮೀನನ್ನ ಓರೆಕೋರೆ ಕತ್ತರಿಸಿದ್ದೀರಿ.”

“ಒಳ್ಳೇ ಕತ್ತಿ ಇಲ್ಲ. ಮಾಡೋರು ಸತಾಯಿಸ್ತಿದ್ದಾರೆ.”

“ಬೇರೆ ಕಡೆ ಮಾಡಿಸ್ಕೊಳ್ಳಿ.”

“ಬೇರೆ ಕಡೆ ಇಷ್ಟು ಚೆನ್ನಾಗಿ ಬೈಯೋರಿಲ್ಲ.”

ಅವಳು ಬೇರೆಡೆ ನೋಡಿದಳು. ಅವನು ಅವಳ ಕಿವಿ ಕೆಂಪಾಗುವುದನ್ನು ನೋಡಿದ. ಕಾದ ಉಕ್ಕಿನ ಬಣ್ಣ ಓದುವವಳಿಗೆ ತನ್ನ ಕಿವಿಯ ಬಣ್ಣ ಕಾಣುವಂತಿರಲಿಲ್ಲ. ಹಾಗೇ ಒಂದು ಮಧ್ಯಾಹ್ನ ಅವನು ಮುತ್ತಿಟ್ಟ. ಇಬ್ಬರೂ ಮೀನಿನ ಜೊತೆ ಹಸಿ ಬೆಳ್ಳುಳ್ಳಿ ತಿಂದಿದ್ದರು, ಆದ್ದರಿಂದ ಇಬ್ಬರಿಗೂ ಅದರ ವಾಸನೆ ಗೊತ್ತಾಗಲಿಲ್ಲ.

ಹಿಡಿಯೊಂದು ಬಿಟ್ಟು ಕತ್ತಿ ಕೊನೆಗೂ ಮುಗಿದಾಗ, ಇಸಾಮು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಹುಳುಕು ಸಿಗಲಿಲ್ಲ. ಅದೇ ಅವನಿಗೆ ಬೇಸರ.

“ಹೆಸರು ಕೆತ್ತಿಲ್ಲವಲ್ಲೇ?”

“ಅವರು ಇನ್ನೂ ಹೇಳಿಲ್ಲ, ಅಪ್ಪ.”

“ಹೇಳೋದೇನು? ಎಡಗೈ ನಿಂದು, ಅಳತೆ ನಿಂದು. ನಿಮ್ಮಮ್ಮಂಗೆ ನಾನು ಬಾಯಿಬಿಟ್ಟು ಕೇಳಿದ್ನಾ? ಅವಳ ಹೆಸರು ಕೆತ್ತಿ ತರಕಾರಿ ಕತ್ತಿ ಕೊಟ್ಟೆ. ಅವಳು ಸೌತೆಕಾಯಿ ಹೆಚ್ಚಿ ತಂದಿಟ್ಟಳು. ಮದುವೆ ಆಯ್ತು. ಈ ದಂಡೆ ಮೇಲೆ ಎಲ್ಲರ ಮನೇಲೂ ಹೀಗೇ.”

“ಅವರು ಬಂದರಿನ ಕಡೆಯವರು.”

“ಗಂಡಸು ತಾನೇ?”

ಇದಕ್ಕೆ ಎದುರಾಡುವುದು ಕಷ್ಟವಾಗಿತ್ತು. ಎದುರಾಡುವ ಮನಸ್ಸೂ ಇರಲಿಲ್ಲ ಎನ್ನುವುದು ಹೆಚ್ಚು ನಿಜ. ಚಿಗುಸಾ ಚಿಕ್ಕ ಉಳಿ ತೆಗೆದುಕೊಂಡು, ಉಸಿರು ಬಿಗಿಹಿಡಿದು, ತನ್ನ ಹೆಸರಿನ ಮೂರಕ್ಷರ ಕೆತ್ತಿದಳು. ಎಷ್ಟೋ ಜನರ ಹೆಸರು ಕೆತ್ತಿದ ಕೈ ಅದು. ತನ್ನದನ್ನು ಕೆತ್ತಿದ್ದು ಆವತ್ತೇ ಮೊದಲು.

ಮುಂದಿನ ರಜೆಗೆ ಶೂಜಿ ಕಾರಿನಲ್ಲಿ ಬಂದ. ಜೊತೆಯಲ್ಲಿ ಒಬ್ಬಳು ಹುಡುಗಿ ಇಳಿದಳು.

“ನೀವೇ ಚಿಗುಸಾ ಅವರಾ! ನಾನು ಯೊರಿಕೊ,” ಎಂದು ಆಕೆ ಬಗ್ಗಿ ನಮಸ್ಕರಿಸಿದಳು. “ರಜೆ ಬಂದ್ರೆ ಸಾಕು, ಕತ್ತಿ ನೋಡೋಕೆ ಹೋಗ್ತೀನಿ ಅಂತ ಇವರು ಮಾಯ. ಯಾರೋ ಹುಡುಗಿ ಇರಬೇಕು ಅಂತ ನಾನು ಜಗಳಾನೇ ಮಾಡ್ದೆ! ಕೊನೆಗೆ ಬಾಯಿಬಿಟ್ರು, ನಮ್ಮ ಮದುವೆಗೆ ನಂಗೆ ಕೊಡೋಕಂತೆ. ನಾನು ಎಡಚಿ ನೋಡಿ, ಇವರ ಹೋಟೆಲಿನ ಕತ್ತಿಗಳು ನನ್ನ ಮಾತೇ ಕೇಳಲ್ಲ.” ತನ್ನ ಎಡಗೈ ಮುಂದೆ ಚಾಚಿದಳು. “ಅಯ್ಯೋ, ನಮ್ಮಿಬ್ಬರ ಕೈ ಒಂದೇ ಅಳತೆ ಅಲ್ವಾ?”

ಒಂದೇ ಅಳತೆಯಾಗಿತ್ತು.

ಚಿಗುಸಾ ಶೂಜಿಯ ಮುಖ ನೋಡಿದಳು. ಅವನು ಕುಲುಮೆಯ ಸೂರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಕತ್ತಿ ಜಗಲಿಯ ಮೇಲೆ, ಬಿಳಿ ಬಟ್ಟೆಯ ಮೇಲೆ ಮಲಗಿತ್ತು. ಚಿಗುಸಾ ಬಟ್ಟೆ ಮಡಚುವುದಕ್ಕೆ ಕೈ ಚಾಚುವಷ್ಟರಲ್ಲಿ ಯೊರಿಕೊ ಅದನ್ನು ಎತ್ತಿಕೊಂಡಿದ್ದಳು.

“ಇಲ್ಲಿ... ಚಿಗುಸಾ ಅಂತಿದೆ?”

ಇಸಾಮು ಕೆಮ್ಮಿದ. ಶೂಜಿ ಸೂರಿನಿಂದ ಕಣ್ಣಿಳಿಸಿ ಅಲಗನ್ನು ನೋಡಿದ, ಆಮೇಲೆ ಚಿಗುಸಾಳನ್ನು. ಅವನಿಗೆ ಅರ್ಥವಾಯಿತು. ಅವಳು ಎಂಥ ಮಾತನ್ನು ನಂಬಿದ್ದಳು ಎಂಬುದು ಅವನಿಗೆ ಅರ್ಥವಾಯಿತು ಎಂಬುದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

“ಮಾಡಿದವಳ ಹೆಸರು,” ಎಂದಳು ಚಿಗುಸಾ. “ಇನ್ಮೇಲೆ ನನ್ನ ಕತ್ತಿಗಳ ಮೇಲೆಲ್ಲ ಇರುತ್ತೆ. ನಿಮ್ಮದೇ ಮೊದಲನೇದು.”

“ಸರಿಯಾಗೇ ಇದೆ! ಇಷ್ಟು ಚೆನ್ನಾಗಿ ಮಾಡಿ ಹೆಸರು ಬೇರೆಯವರದ್ದು ಹಾಕಿದ್ರೆ ಹೊಟ್ಟೆ ಉರಿಯಲ್ವಾ?”

“ಉರಿಯುತ್ತೆ,” ಎಂದಳು ಚಿಗುಸಾ. “ಅಪ್ಪ, ಅವರಿಗೆ ಹಿಡಿಯ ಮರ ತೋರಿಸು.”

ಮುದುಕ ಯೊರಿಕೊಳನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಕುಲುಮೆಯಲ್ಲಿ ಇಬ್ಬರೇ ಉಳಿದರು.

“ಮೊದಲ ಸಲ ಅವಳ ಕತ್ತಿಗೇ ಬಂದಿದ್ದೆ,” ಎಂದ ಶೂಜಿ. “ಆಮೇಲೆ ಬಂದಿದ್ದು ಕತ್ತಿಗಲ್ಲ. ನಿಮ್ಮಾಣೆ. ಹೇಳ್ಬೇಕು ಅಂತಾನೇ ಪ್ರತಿ ಸಲ ಬರ್ತಿದ್ದೆ. ನಿಮ್ಮನ್ನ ನೋಡಿದ ಮೇಲೆ ಹೇಳೋಕೆ ಇಷ್ಟ ಆಗ್ತಿರಲಿಲ್ಲ.”

“ಅದಕ್ಕೆ ಇವತ್ತು ಹೇಳೋಕೆ ಅವಳನ್ನೇ ಕರ್ಕೊಂಡು ಬಂದ್ರಿ.”

ಅವನು ತಲೆ ತಗ್ಗಿಸಿದ. “ಒಂದು ಮಾತು ಹೇಳಿ ಚಿಗುಸಾ. ಈಗಲೇ ಅವಳಿಗೆ ಎಲ್ಲಾ ಹೇಳಿ, ಮದುವೆ ನಿಲ್ಲಿಸ್ತೀನಿ.”

ಬೇಸಿಗೆಯಿಡೀ ಅವಳು ಕಾದದ್ದು ಇಂಥದೇ ಒಂದು ಮಾತಿಗೆ. ಕೈಗೆ ಸಿಕ್ಕಾಗ ಅದರಲ್ಲಿ ತೂಕವೇ ಇರಲಿಲ್ಲ.

“ಅದಕ್ಕೂ ನನ್ನ ಮಾತೇ ಬೇಕಾ?” ಎಂದಳು. “ನನ್ನ ಕೈ ಹಿಡ್ಕೊಂಡು ನೀವು ಅವಳ ಕೈ ಅಳೀತಿದ್ರಿ ಶೂಜಿ. ನಾನು ಬೆಪ್ಪಿ, ಹಿಡ್ಕೊಂಡಿರಿ ಅಂತ ಬಿಟ್ಟೆ. ಅವಳಿಗೆ ಏನು ಹೇಳ್ತೀರೋ ನೀವೇ ಹೇಳಿ. ನನ್ನನ್ನ ಅದರಲ್ಲಿ ಸೇರಿಸಬೇಡಿ.”

“ಆ ಹೆಸರನ್ನಾದ್ರೂ ಉಜ್ಜಿ ತೆಗೆಯೋಕಾಗಲ್ವಾ? ದಿನಾ ಕಣ್ಣಿಗೆ ಬೀಳುತ್ತೆ.”

“ಉಜ್ಜಿದ್ರೆ ಅಲಗು ತೆಳ್ಳಗಾಗುತ್ತೆ. ಮೀನಿನ ತಲೆ ಸೀಳುವಾಗ ಮುರಿದ್ರೆ ಕೈ ಕುಯ್ದುಕೊಳ್ಳೋಳು ಅವಳು. ಬೀಳಲಿ ಬಿಡಿ, ಕಣ್ಣಿಗೇ ತಾನೇ?”

ಯೊರಿಕೊ ಮರ ಆರಿಸಿಕೊಂಡು ಬಂದಳು. ಚಿಗುಸಾ ಹಿಡಿ ಕೂರಿಸಿ, ಬಟ್ಟೆ ಸುತ್ತಿ, ಅವಳ ಎಡಗೈಗೆ ಕೊಟ್ಟಳು. ಹುಡುಗಿ ಖುಷಿಯಿಂದ ಕಾರಿನ ಕಿಟಕಿಯಾಚೆ ಕೈ ಬೀಸುತ್ತಲೇ ಹೋದಳು. ಶೂಜಿ ತಿರುಗಿ ನೋಡಲಿಲ್ಲ. ಚಿಗುಸಾ ನೋಡಲು ನಿಂತಿದ್ದಳು ಎನ್ನುವುದೂ ಅವನಿಗೆ ಗೊತ್ತಾಗಲಿಲ್ಲ.

ಒಳಗೆ ಬಂದು, ದೊಡ್ಡ ಅಂಗಡಿಯೊಂದಕ್ಕೆ ಕಳಿಸಬೇಕಿದ್ದ ಕತ್ತಿಯನ್ನು ಮುಂದಿಟ್ಟುಕೊಂಡು ಉಳಿ ಹಿಡಿದಳು.

ಇಸಾಮು ಇಣುಕಿ ನೋಡಿದ. “ಯಾರ ಹೆಸರು ಹಾಕ್ತಿದ್ದೀಯೇ? ಅಂಗಡಿಯವನು ವಾಪಸ್ ಕಳಿಸ್ತಾನೆ.”

“ಕಳಿಸಲಿ ಬಿಡಪ್ಪ. ಆ ಹುಡುಗಿಗೆ ಒಂದು ಸುಳ್ಳು ಹೇಳಿದ್ದೀನಿ, ಅದನ್ನ ನಿಜ ಮಾಡ್ಬೇಕು. ಅವಳಿಗೆ ಸುಳ್ಳು ಹೇಳೋರು ಇಬ್ಬರಾಗೋದು ಬೇಡ.”

ಎರಡನೇ ಅಕ್ಷರ ಸೊಟ್ಟಗಾಯಿತು. ಅವಳು ತೋಳಿನಿಂದ ಕಣ್ಣೊರೆಸಿಕೊಂಡು, ಮೂರನೆಯದಕ್ಕೆ ಉಳಿ ಇಟ್ಟಳು.