ಎಂಜಲು ಸವರಿದ ಗೀರು

ಎಂಜಲು ಸವರಿದ್ದು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಲ್ಯಾಂಕಾಸ್ಟರಿನ ಯೂರಿಯಾ ಶೆಂಕ್ ಅವರ ಅಂಗಡಿಯಲ್ಲಿ ಹಳೆಯ ಬೇಟೆ ಬಂದೂಕುಗಳ ಮರದ ಹಿಡಿಗೆ ಬೆಳ್ಳಿ ತಂತಿ ಕೂರಿಸುವುದು ನನ್ನ ಕೆಲಸ. ಉಳಿಯಿಂದ ಗೀರು ಕೊರೆದು, ತಂತಿಯನ್ನು ಬಡಿದಿಳಿಸಿ, ಮೇಲೆ ನೀರು ಸವರಿದರೆ ಮರ ಉಬ್ಬಿ ತಂತಿಯನ್ನು ಕಚ್ಚಿಕೊಳ್ಳುತ್ತದೆ. ಒಂದು ದಿನ ಮಧ್ಯಾಹ್ನ ಹಸಿ ಈರುಳ್ಳಿ ತಿಂದು ಬಂದಿದ್ದೆ. ನೀರು ತರಲು ಬೇಜಾರಾಗಿ, ಬೇಟೆಗಾರ ಕೆನ್ನೆಯಿಡುವ ಜಾಗದ ಗೀರಿಗೆ ಎಂಜಲು ಹಚ್ಚಿದೆ.

ಬೆರಳಡಿಯಲ್ಲಿ ಮರ ಒಸಡಿನಂತೆ ಬೆಚ್ಚಗಾಯಿತು, ಮೆತ್ತಗಾಯಿತು. ಹೇಸಿಗೆಯಾಗಿ ಕೈ ಹಿಂತೆಗೆದರೆ ಲೋಳೆ ಎಳೆಯೆಳೆಯಾಗಿ ಜೊತೆಗೇ ಬಂತು.

“ಥೂ, ಎಂಜಲು ಹಚ್ಚಿದ್ಯೇನೋ?” ಶೆಂಕ್ ಮೂಗು ಮುಚ್ಚಿಕೊಂಡರು. “ನೀರಿಗೇನು ಬರ ಬಂದಿತ್ತಾ ಇಲ್ಲಿ?”

“ಒರೆಸ್ತೀನಿ ಬಿಡಿ ಯಜಮಾನ್ರೆ.”

“ಒರೆಸು, ನೋಡೇಬಿಡೋಣ.”

ಮೂರು ಬಟ್ಟೆ ತೊಯ್ದು ತೊಪ್ಪೆಯಾದವು. ಗೀರು ಆರಲಿಲ್ಲ.

ಆ ಬಂದೂಕು ಕೊಂಡವರು ಹನ್ನೊಂದು ವರ್ಷದಿಂದ ಅದೇ ದೂರು ಹೇಳುತ್ತಿದ್ದಾರೆ: ಕೆನ್ನೆಯಿಟ್ಟರೆ ಒದ್ದೆ, ಈರುಳ್ಳಿ ನಾತ. ನಿನ್ನೆ ನಾನು ಊಟಕ್ಕೆ ಕೂತಿದ್ದಾಗ ಮತ್ತೆ ಫೋನ್ ಮಾಡಿದರು.

“ಈರುಳ್ಳಿ ವಾಸನೆ ಹೋಯ್ತು ಕಣ್ರೀ. ಈಗ ತಾನೇ ಹುಳಿ ಎಲೆಕೋಸಿನ ವಾಸನೆ ಶುರುವಾಗಿದೆ.”

ಬಾಯಲ್ಲಿದ್ದ ಎಲೆಕೋಸನ್ನು ನಾನಿನ್ನೂ ನುಂಗಿರಲಿಲ್ಲ.