ಖಾತುನಬಿಯ ಪಗಡೆ ಜಮಖಾನೆ

ನನ್ನ ಗಂಡನ ಹದಿಮೂರನೆಯ ದಿನದ ಊಟ ಮುಗಿಸಿ ಬಂಧುಗಳೆಲ್ಲ ಹುಬ್ಬಳ್ಳಿ ಬಸ್ಸು ಹತ್ತಿದರು. ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಸೇರು ಅಳೆದು ಹೋದ. ಇನ್ನು ಅರ್ಧ ಸೇರು ಸಾಕು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಆಗ ಖಾತುನಬಿ ಬಂದಳು. ನಮ್ಮ ಓಣಿಯ ತುದಿಯಲ್ಲಿ ಜಮಖಾನೆ ನೇಯುವವಳು. ಹೊಸ್ತಿಲ ಹೊರಗೇ ನಿಂತಳು.

"ಕೇಳಬಾರದ ಹೊತ್ತಿನ್ಯಾಗ ಕೇಳಾಕತ್ತೀನ್ರಿ, ಬಾಯಿ. ಸಂಕ್ರಮಣದ ದಿನ ಮಾಸ್ತರು ನನ್ನ ಪಗಡಿ ಜಮಖಾನಿ ಒಯ್ದಿದ್ರು. ಹದಿನೈದು ದಿನಕ್ಕ ಕೊಡತೀನಿ ಅಂದಿದ್ರು. ಮುಂದಿನ ತಿಂಗಳ ನನ್ನ ಮಗಳು ಶಹನಾಜಳ ನಿಕಾ ಐತ್ರಿ."

ನಟ್ಟನಡುವೆ ಪಗಡೆಯ ಹಾಸು ನೇಯ್ದ ಜಮಖಾನೆ. ಅವಳ ಅತ್ತೆ ನೇಯ್ದದ್ದು, ಮಗಳಿಗೆಂದು ಕಾದಿಟ್ಟದ್ದು. ಅಟ್ಟ, ಟ್ರಂಕು, ಮಂಚದ ಕೆಳಗೆ—ಎಲ್ಲಿಯೂ ಇರಲಿಲ್ಲ.

"ರೇವವ್ವನ್ನ ಕೇಳು," ಎಂದರು ನನ್ನ ಅತ್ತೆ ದ್ವಾರಕಾಬಾಯಿ. "ಇಷ್ಟು ದಿನಾ ಒಳಗ ಹೊರಗ ಓಡಾಡಿದಾಕಿ ಆಕಿ ಒಬ್ಬಾಕೀನ."

ರೇವವ್ವ ನಮ್ಮ ಮನೆಯ ಪಾತ್ರೆ ತಿಕ್ಕುವವಳು. ಅತ್ತೆ ಅಂದೇ ಅವಳನ್ನು ಕೆಲಸದಿಂದ ಬಿಡಿಸಿದರು. ಸಂಜೆಯೊಳಗೆ ಓಣಿಯೆಲ್ಲ ಅವಳನ್ನು ಕಳ್ಳಿ ಎಂದಿತು. ಅವಳು ಕೆಲಸಕ್ಕೆ ಹೋಗುತ್ತಿದ್ದ ಉಳಿದ ಮೂರು ಮನೆಯವರೂ ಬೇಡವೆಂದರು.

ನಾನು ಅವಳ ಮನೆಗೆ ಹೋದೆ. ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ಜಮಖಾನಿ ನೋಡಿದ್ಯೇನು?"

"ನೋಡೇನ್ರಿ. ಸಂಕ್ರಮಣದ ಮರುದಿನ ಮಾಸ್ತರು ಸೈಕಲ್ಲಿಗೆ ಕಟಗೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದ್ರು."

"ಆಗಲೇ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರಿ? ಕಳವು ಮಾಡಾಕಿ ಮುಚ್ಚಗೊಂಡು ಒಯ್ಯೂವಂಥಾದ್ದು ಒಯ್ತಾಳ. ಮಂಚದಷ್ಟು ಜಮಖಾನಿ ಹೊತಗೊಂಡು ಓಣ್ಯಾಗ ಮೆರವಣಿಗಿ ಹೋಗತಾಳೇನ್ರಿ?"

ಸಂಕ್ರಮಣದ ಮರುದಿನ? ಅಂದು ನನ್ನ ಗಂಡ ತರಬೇತಿ ಎಂದು ಧಾರವಾಡಕ್ಕೆ ಹೋಗಿದ್ದರು. ಎರಡು ದಿನ. ಗಣಿತದ ಮಾಸ್ತರರ ತರಬೇತಿಗೆ ಪಗಡೆ ಯಾಕೆ?

ಅವರ ಕೋಟಿನ ಕಿಸೆಗೆ ಮೊದಲ ಸಲ ಕೈಹಾಕಿದೆ. ಅಚ್ಚು ಮಾಡಿದ ಒಂದು ಕಾರ್ಡು ಸಿಕ್ಕಿತು. ಕಾರವಾರದ ಆಚೆ, ಸಮುದ್ರದ ದಂಡೆಯ ಕುಟೀರಗಳು. ದಂಪತಿಗಳಿಗೆ ಮಾತ್ರ. ಕೆಳಗೆ ಶಾಯಿಯಲ್ಲಿ—ಜನವರಿ ೧೫, ೧೬, ೧೯೭೪.

ನಾನು ಸಮುದ್ರ ಕಂಡವಳಲ್ಲ.

ಆ ವಿಳಾಸಕ್ಕೆ ಪತ್ರ ಬರೆದೆ. ಒಂಬತ್ತನೆಯ ದಿನ ಪಾರ್ಸೆಲ್ ಬಂತು. ಗೋಣಿಚೀಲದೊಳಗೆ ಜಮಖಾನೆ, ಮೇಲೊಂದು ಚೀಟಿ. ಆ ದಿನ ತಾನು ರಜೆಯಲ್ಲಿದ್ದೆ ಎಂದು ಅಲ್ಲಿಯ ಮ್ಯಾನೇಜರರು ಬರೆದಿದ್ದರು. ರಜಿಸ್ಟರಿನಲ್ಲಿ 'ಶ್ರೀ ಪ್ರಭಂಜನ ಹಾಗೂ ಸೌ. ನರ್ಮದಾ' ಎಂದಿದೆ. ಬೇಗನೆ ಮತ್ತೆ ಬರುತ್ತೇವೆ, ಇದು ಇಲ್ಲೇ ಇರಲಿ ಎಂದು ಹೇಳಿ ಹೋದರಂತೆ. ಅವರು ಕಟ್ಟಿಟ್ಟ ಹಾಗೆಯೇ ಕಳಿಸಿದ್ದೇನೆ ಎಂದಿತ್ತು.

ರೇವವ್ವ ಕಳ್ಳಿಯಲ್ಲ. ಅಷ್ಟು ತಿಳಿಯಿತು. ಆದರೆ ನರ್ಮದಾ ನಾನು. ನಾನು ಹೋಗಿರಲಿಲ್ಲ.

ಅತ್ತೆ ಚೀಟಿಯನ್ನು ಎರಡು ಸಲ ಓದಿದರು. "ನಿನ್ನ ಹೆಸರಿನ ಮ್ಯಾಲೆ ಯಾರೋ ಹೋಗ್ಯಾರ," ಎಂದರು. ಒಳಗೆ ನಡೆದವರು ಬಾಗಿಲಲ್ಲಿ ನಿಂತರು. "ರೇವವ್ವಗ ನಾಳಿಂದ ಬಾ ಅನ್ನು."

ನಾಳೆಯವರೆಗೆ ಕಾಯಲಿಲ್ಲ. ರೇವವ್ವನನ್ನು ಕರೆಸಿ, ಚೀಟಿ ಓದಿ ಹೇಳಿ, ಗಂಟನ್ನು ಅವಳ ತಲೆಯ ಮೇಲೆ ಹೊರಿಸಿದೆ. ಹಗಲು ಹನ್ನೊಂದು ಗಂಟೆಗೆ ಓಣಿಯ ನಡುವೆ ಅವಳು ಮುಂದೆ, ನಾನು ಹಿಂದೆ. ಬಾಗಿಲುಗಳಲ್ಲಿ ನಿಂತವರನ್ನು ಅವಳು ಒಬ್ಬೊಬ್ಬರನ್ನಾಗಿ ನೋಡುತ್ತ ನಡೆದಳು.

ಖಾತುನಬಿ ಗಂಟು ಬಿಚ್ಚಲಿಲ್ಲ. ಅಂಚಿನ ಮೇಲೆ ಕೈಯಾಡಿಸಿದಳು.

"ಇದನ್ನ ಯಾರು ಮಡಚಿದ್ರಿ?"

"ಯಾಕ?"

"ಇಬ್ಬರು ಹಿಡಿದು ಮಡಚೂದ್ರಿ ಇದು. ಆಗ ಮೂಲಿಗೆ ಮೂಲಿ ಕೂಡತೈತಿ. ಇಲ್ಲಿ ಗೇಣು ಹೊರಗ ಬಂದೈತಿ, ನೋಡ್ರಿ. ನೆಲದ ಮ್ಯಾಲೆ ಹಾಸಿ, ಮೊಣಕಾಲೂರಿ, ಒಬ್ಬರ ಮಡಚ್ಯಾರ."

ಕಟ್ಟಿದ್ದು ಉತ್ತರಪತ್ರಿಕೆಗಳಿಗೆ ಕಟ್ಟುವ ಕೆಂಪು ಲಾಡಿ. ಗಂಟು ನನ್ನ ಗಂಡನದೇ. ನಾನು ನೂರು ಸಲ ಬಿಚ್ಚಿದ ಗಂಟು.

"ಜೋಡಿ ಇದ್ದಾಕಿ ಕೈ ಹಚ್ಚಿರಲಿಕ್ಕಿಲ್ಲ," ಎಂದಳು ರೇವವ್ವ, ನನ್ನ ಮುಖ ನೋಡದೆ.

ಲಾಡಿ ಬಿಚ್ಚಿದೆ. ಮಡಿಕೆಯೊಳಗೆ ನಮ್ಮ ಮನೆಯ ಪಗಡೆ ಕಾಯಿಗಳಿದ್ದವು. ಅವರ ನಾಲ್ಕು ಕರಿಕಾಯಿ ಬಿಡಿಯಾಗಿ, ಮರಳು ಹತ್ತಿಕೊಂಡು. ನನ್ನ ನಾಲ್ಕು ಕೆಂಪು ಕಾಯಿ ಕುಪ್ಪಸದ ಚೂರಿನಲ್ಲಿ. ದಸರೆಯಲ್ಲಿ ಗೆದ್ದ ಮೇಲೆ ನಾನೇ ಕಟ್ಟಿದ ಗಂಟು—ಹಾಗೇ ಇತ್ತು.

ತಮ್ಮ ಕಡೆಯ ಕಾಯಿ ಹೂಡಿ ಕುಳಿತಿದ್ದರು. ಎದುರಿಗೆ ಯಾರೂ ಕುಳಿತಿರಲಿಲ್ಲ.

ಆಗ ನೆನಪಾಯಿತು. ಸಂಕ್ರಮಣದ ಸಂಜೆ ನಾನು ಕುಸುರೆಳ್ಳು ಡಬ್ಬಿಗೆ ತುಂಬುತ್ತಿದ್ದೆ. "ಸಮುದ್ರ ನೋಡಲಿಕ್ಕೆ ಹೋಗೂಣೇನು, ಇಬ್ಬರ?" ಎಂದಿದ್ದರು. ಮನೆಯಲ್ಲಿ ಅತ್ತೆಯನ್ನು ಬಿಟ್ಟು ಗಂಡಹೆಂಡತಿ ಇಬ್ಬರೇ ಹೋದರೆ ಮಂದಿ ಏನಂದಾರು ಎಂದು, ತಲೆ ಎತ್ತದೆ ಹೇಳಿದ್ದೆ. ಆ ಹೊತ್ತಿಗಾಗಲೇ ಕೋಣೆ ಗೊತ್ತುಮಾಡಿಯಾಗಿತ್ತು, ಜಮಖಾನೆ ಬಂದಿತ್ತು. ದಂಪತಿಗಳಿಗೆ ಮಾತ್ರ ಎಂದಿದ್ದ ಕಡೆ ಇಬ್ಬರ ಹೆಸರೂ ಬರೆದರು. ನನ್ನನ್ನು ಒಪ್ಪಿಸಿ ಮತ್ತೆ ಕರೆದೊಯ್ಯಬಹುದೆಂದು ಇದನ್ನು ಅಲ್ಲೇ ಬಿಟ್ಟು ಬಂದರು. ಬಂದ ವಾರಕ್ಕೆ ಜ್ವರ.

ಇಷ್ಟನ್ನೂ ಇಬ್ಬರಿಗೂ ಹೇಳಿದೆ.

"ಹಂಗಾರ ಜೋಡಿ ಹೋದಾಕಿ ಯಾರ್ರಿ?" ಎಂದಳು ರೇವವ್ವ.

"ಯಾರೂ ಇಲ್ಲ. ಹೋಗಲಾರದಾಕಿ ಒಬ್ಬಾಕಿ ಇದ್ದಾಳ. ಆಕಿ ಹೆಸರು ರಜಿಸ್ಟರಿನ್ಯಾಗ ಅದ."

ಖಾತುನಬಿ ಜಮಖಾನೆಯನ್ನು ಅಂಗಳದಲ್ಲಿ ಬಿಚ್ಚಿ ಕೊಡವಿದಳು. ಒಂದು ಹಿಡಿಯಷ್ಟು ಮರಳು ಉದುರಿತು.

"ಆ ಕಡೆ ಎರಡೂ ಮೂಲಿ ಹಿಡೀರಿ, ಬಾಯಿ."

ಹಿಡಿದೆ. ಅವಳು ಆ ತುದಿಯಿಂದ ಬಂದಳು, ನಾನು ಈ ತುದಿಯಿಂದ ನಡೆದೆ. ಮೂಲೆಗೆ ಮೂಲೆ ಕೂಡಿತು. ನನ್ನ ತುದಿಯನ್ನು ಅವಳ ಕೈಗೆ ಕೊಟ್ಟು, ಬಿಟ್ಟೆ.